ಎರಡು ಚಪ್ಪಾಳೆಗಳ ನಡುವೆ

ಲಂಡನ್ನಿನ ಹ್ಯಾರೋದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಇಂಗ್ಲಿಷರೊಬ್ಬರು ಒಂದು ಕಾಲದಲ್ಲಿ ಸ್ಕಾ ಬ್ಯಾಂಡೊಂದರಲ್ಲಿ ಗಿಟಾರ್ ನುಡಿಸಿದ್ದರಂತೆ. ಸ್ಕಾ ಅಂದರೆ ಜಮೈಕಾದಿಂದ ಬಂದ ಕುಣಿತದ ಸಂಗೀತ. ನಾನು ಕಂಡಾಗ ಅವರು ಕೌನ್ಸಿಲ್‌ನ ಲೈಬ್ರರಿ ವ್ಯಾನ್ ಓಡಿಸುತ್ತಿದ್ದರು. ಬ್ಯಾಂಡಿನ ಮಾತೆತ್ತಿದರೆ ಬೇಲಿಯ ಗಿಡ ಕತ್ತರಿಸತೊಡಗುತ್ತಿದ್ದರು.

ನಮ್ಮ ಮನೆಯ ಶನಿವಾರದ ಭಜನೆಗೆ ತಪ್ಪದೆ ಬರುತ್ತಿದ್ದರು. ಎಲ್ಲರೂ ತಾಳಕ್ಕೆ ಚಪ್ಪಾಳೆ ತಟ್ಟಿದರೆ ಅವರು ಎರಡು ಚಪ್ಪಾಳೆಗಳ ನಡುವೆ ತಟ್ಟುತ್ತಿದ್ದರು. ಧಾರವಾಡದ ನಮ್ಮವ್ವ ತಿರುಗಿ ನೋಡಿದಾಗಲೆಲ್ಲ, "ಸಾರಿ, ಹಳೇ ಚಾಳಿ" ಎನ್ನುತ್ತಿದ್ದರು.

ಒಮ್ಮೆ ಭಜನೆಗೆ ಮುಂಚೆ ಅವ್ವ, "ತಾಳಾ ಕೆಡಸ್ತಾರ. ಸುಮ್ನ ಕುಂದರ್ರಿ ಅಂತ ಹೇಳು" ಅಂದಳು. ನಾನು ಅದನ್ನು ಇಂಗ್ಲಿಷಿಗೆ ಇಳಿಸಿ, ತುಸು ಸಕ್ಕರೆ ಬೆರೆಸಿ ಹೇಳಿದೆ. ಅಂದು ಅವರು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೊನೆಯತನಕ ಕುಳಿತರು. ಮತ್ತೆ ಬರಲಿಲ್ಲ. ವರ್ಷದೊಳಗೆ ಮನೆ ಮಾರಿ ಹೋದರು.

ಮುಂದೆ ವೆಂಬ್ಲಿಯ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಅವರ ಬ್ಯಾಂಡಿನ ಸಿ.ಡಿ. ಸಿಕ್ಕಿತು. ಮನೆಗೆ ತಂದು ಹಾಕಿದೆ. ತುತ್ತೂರಿಗಳ ಅಬ್ಬರದ ಹಿಂದೆ ಗಿಟಾರು ಡ್ರಮ್ಮಿನ ಎರಡು ಪೆಟ್ಟುಗಳ ನಡುವೆಯಷ್ಟೇ ಬೀಳುತ್ತಿತ್ತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು.

"ಬಾಜೂ ಮನಿಯವರು ಬಂದಾರೇನು?" ಅಂದಳು.