ಗೆರೆಗೆ ಬಾರದ ಚುಕ್ಕೆ

ಮೊನ್ನೆ ಮಧ್ಯಾಹ್ನ ಊಟವಾದ ಮೇಲೆ ನನ್ನ ಅಣ್ಣನ ಮೊಮ್ಮಗಳು ಶ್ರುತಿ ತನ್ನ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ ಒಂದು ಅಂಕಿ ತೋರಿಸಿದಳು. ನಾಲ್ಕು. ಎಪ್ಪತ್ತರ ದಶಕದಲ್ಲಿ ಸೊಲ್ಲಾಪುರದ ಒಂದು ಕಾಲೇಜಿನಲ್ಲಿ ಕೂತು ನಾನು ಬರೆದ ಒಂದೇ ಒಂದು ಸಂಶೋಧನಾ ಲೇಖನವನ್ನು ಇಷ್ಟು ವರ್ಷಗಳಲ್ಲಿ ಜಗತ್ತಿನ ನಾಲ್ಕು ಲೇಖನಗಳು ಹೆಸರೆತ್ತಿ ನೆನೆದಿವೆಯಂತೆ. ಇದಕ್ಕೆ ಸೈಟೇಶನ್ ಎನ್ನುತ್ತಾರೆ. ಈಗಿನ ವಿದ್ವಾಂಸರ ಜಾತಕವೆಲ್ಲ ಈ ಅಂಕಿಯ ಮೇಲೆಯೇ ನಿಂತಿದೆ ಎಂದು ಶ್ರುತಿ ಹೇಳಿದಳು. ಅವಳು ಪುಣೆಯಲ್ಲಿ ಪೆಟ್ರೋಲಿಯಂ ರಸಾಯನದಲ್ಲಿ ಡಾಕ್ಟರೇಟ್ ಮಾಡುತ್ತಿದ್ದಾಳೆ. ಕನ್ನಡ ಮಾತಾಡುತ್ತಾಳೆ, ಓದು ಬರಹವೆಲ್ಲ ಮರಾಠಿ ಮತ್ತು ಇಂಗ್ಲಿಷು.

"ಫಕ್ತ ನಾಕ ಅವ ನೋಡು, ಅಜ್ಜಿ" ಎಂದಳು. ಆಮೇಲೆ ನನ್ನ ಮುಖ ನೋಡಿ, ಆಗಿನ ಕಾಲಕ್ಕೆ ಅಷ್ಟಾದರೂ ಚಲೋನೇ ಎಂದು ಸಮಾಧಾನ ಮಾಡಿದಳು. ಸಮಾಧಾನ ಮಾಡಿಸಿಕೊಳ್ಳುವ ವಯಸ್ಸು ನನ್ನದು, ಬೇಡವೆನ್ನಲಿಲ್ಲ. ಆದರೆ ನಿಮಗೆ ನಿಜ ಹೇಳಬೇಕೆಂದರೆ, ಆ ನಾಲ್ಕರಲ್ಲಿ ಒಂದೂ ನನ್ನ ಜಾಣತನಕ್ಕೆ ಸಿಕ್ಕದ್ದಲ್ಲ. ಅವುಗಳಲ್ಲಿ ಎರಡರ ಶ್ರೇಯ ಚಾದರದ ನಕ್ಷೆ ಬರೆಯುವ ಒಬ್ಬರಿಗೆ ಸಲ್ಲಬೇಕು.

ಮೊದಲು ನಾನೇನು ಮಾಡುತ್ತಿದ್ದೆ ಎಂಬುದನ್ನು ಹೇಳಿಬಿಡುತ್ತೇನೆ. ಭಾರವಾದ ಎಣ್ಣೆಯನ್ನು ಒಡೆದು ಹಗುರಾದ ಪೆಟ್ರೋಲು ಮಾಡಬೇಕೆಂದರೆ ನಡುವೆ ಒಂದು ವೇಗವರ್ಧಕ ಬೇಕು. ತಾನು ಮಾತ್ರ ಇದ್ದ ಹಾಗೇ ಇದ್ದು, ಉಳಿದವರ ಕೆಲಸ ಬೇಗ ಮುಗಿಸುವ ವಸ್ತು ಅದು. ಮದುವೆ ಕುದುರಿಸುವ ಹಿರಿಯರ ಹಾಗೆ. ಕೆಲವು ಜಾತಿಯ ಮಣ್ಣು ಆಮ್ಲದಲ್ಲಿ ಕುದಿಸಿದರೆ ಈ ಕೆಲಸ ಮಾಡುತ್ತದೆ. ನಮ್ಮ ಕರಿ ಎರೆಮಣ್ಣೂ ಅದೇ ಜಾತಿಯದು. ಅಕ್ಕಲಕೋಟದ ಹತ್ತಿರ ನಮ್ಮ ಹೊಲ, ಮಣ್ಣಿಗೇನು ಬರವೇ? ಹಳ್ಳದ ದಂಡೆಯ ಹೊಲದಿಂದ ನಾನೇ ಒಂದು ಚೀಲ ಅಗೆದು, ಎಸ್.ಟಿ. ಬಸ್ಸಿನ ಮೇಲೆ ಹಾಕಿಸಿಕೊಂಡು ಕುಂಭಾರಿಯ ಮೇಲಿಂದ ಸೊಲ್ಲಾಪುರಕ್ಕೆ ತಂದಿದ್ದೆ. ಚೀಲದಲ್ಲೇನು ಎಂದು ಕೇಳಿದ ಕಂಡಕ್ಟರಿಗೆ ಮಣ್ಣು ಎಂದೆ. ಆತ ನನ್ನನ್ನು ಕಾಲೇಜು ಕಲಿತು ತಲೆ ಕೆಟ್ಟವಳೆಂದು ತಿಳಿದು ಬಹಳ ಮರ್ಯಾದೆಯಿಂದ ನಡೆಸಿಕೊಂಡ.

ಆಗ ಜಗತ್ತಿನಲ್ಲಿ ಎಣ್ಣೆಯ ಬೆಲೆ ಏರಿ, ಸೊಲ್ಲಾಪುರದಲ್ಲಿ ಸೀಮೆಎಣ್ಣೆಗೆ ಡಬ್ಬಿಗಳ ಸಾಲು ಹತ್ತಿತ್ತು. ಪೆಟ್ರೋಲಿಯಂ ಎಂದರೆ ಸಾಕು, ಸಂಶೋಧನಾ ಪತ್ರಿಕೆಗಳು ಲೇಖನಕ್ಕೆ ಬಾಯಿ ತೆರೆದು ಕೂತಿದ್ದವು. ಆದರೆ ಮಣ್ಣಿಗೆ ಅಲ್ಲ. ಮಣ್ಣು ನಮ್ಮ ಅಜ್ಜನ ಕಾಲದ ಫ್ಯಾಶನ್ನು. ಆಗ ಎಲ್ಲರೂ ಝಿಯೊಲೈಟ್ ಎಂಬ, ಜರಡಿಯಂಥ ರಂಧ್ರಗಳಿರುವ ಹೊಸ ವಸ್ತುವಿನ ಬೆನ್ನು ಹತ್ತಿದ್ದರು. ನಮ್ಮ ಕಾಲೇಜಿಗೆ ವಿದೇಶಿ ಪತ್ರಿಕೆ ಹಡಗಿನಲ್ಲಿ ಬರುತ್ತಿತ್ತು; ಒಂದು ಫ್ಯಾಶನ್ನು ಸೊಲ್ಲಾಪುರ ಮುಟ್ಟುವ ಹೊತ್ತಿಗೆ ತವರಿನಲ್ಲಿ ಮುದುಕಿಯಾಗಿರುತ್ತಿತ್ತು. ಝಿಯೊಲೈಟ್ ಕೊಳ್ಳುವ ಯೋಗ್ಯತೆ ನಮಗಿರಲಿಲ್ಲ, ಮಣ್ಣು ಅಗೆಯುವ ಯೋಗ್ಯತೆ ಇತ್ತು. ಹೀಗಾಗಿ ನಾನು ಹಳೆಯ ಫ್ಯಾಶನ್ನಿಗೆ ನಿಷ್ಠಳಾದೆ. ಇದನ್ನೇ ಕೆಲವರು ತತ್ವ ಎಂದು ಕರೆದುಕೊಳ್ಳುತ್ತಾರೆ.

ಮಣ್ಣನ್ನು ಎಷ್ಟು ತಾಸು ಆಮ್ಲದಲ್ಲಿ ಕುದಿಸಿದರೆ ಎಷ್ಟು ಪೆಟ್ರೋಲು ಬರುತ್ತದೆ ಎಂಬುದು ನನ್ನ ಪ್ರಶ್ನೆ. ಒಂದು ತಾಸು, ಎರಡು ತಾಸು, ಹೀಗೆ ಎಂಟು ತಾಸಿನವರೆಗೆ ಎಂಟು ಮಾದರಿ. ನನ್ನ ಎರಡು ಸೀರೆಗಳನ್ನು ಆಮ್ಲ ತಿಂದಿತು. ಏಳು ಮಾದರಿ ಚೆನ್ನಾಗಿ ಬಂದವು. ಐದು ತಾಸಿನದು ಮಾತ್ರ ಪಾತ್ರೆ ಸೀಳಿ ಚೆಲ್ಲಿಹೋಯಿತು. ಹೊತ್ತು ತಂದಿದ್ದ ಚೀಲವೂ ಬರಿದಾಗಿತ್ತು. ಅಪ್ಪನಿಗೆ ಕಾಗದ ಹಾಕಿದೆ. ನಾಲ್ಕು ದಿನದಲ್ಲಿ ಹೊಸ ಚೀಲ ಬಂತು. ಐದು ತಾಸಿನ ಮಾದರಿಗೆಂದು ಆ ಮಣ್ಣಿಗೆ ಆಮ್ಲ ಹಾಕಿದಾಗ ಬುಸ್ಸೆಂದು ನೊರೆ ಉಕ್ಕಿತು. ನಾನು ನೋಡಿದೆ. ಬರೆದುಕೊಳ್ಳಲಿಲ್ಲ. ನೋಡಿ ಬರೆದುಕೊಳ್ಳದವರನ್ನು ಏನೆಂದು ಕರೆಯಬೇಕೆಂದು ನಾನು ಮುಂದೆ ಮೂವತ್ತು ವರ್ಷ ವಿದ್ಯಾರ್ಥಿಗಳಿಗೆ ಹೇಳಿದ್ದೇನೆ, ಇಲ್ಲಿ ಹೇಳುವುದಿಲ್ಲ.

ಕಾಗದದ ಮೇಲೆ ಚುಕ್ಕೆಗಳನ್ನು ಇಟ್ಟು ನೋಡಿದರೆ, ಏಳು ಚುಕ್ಕೆಗಳು ಗುಡ್ಡ ಹತ್ತಿ ಇಳಿದ ಹಾಗೆ ಚೆಂದದ ಗೆರೆಯಲ್ಲಿ ಕೂತವು. ಐದನೆಯದು, ಗುಡ್ಡದ ನೆತ್ತಿಯಲ್ಲಿ ಇರಬೇಕಾದದ್ದು, ಪಾತಾಳದಲ್ಲಿ ಬಿದ್ದಿತ್ತು. ನನ್ನ ಮಾರ್ಗದರ್ಶಕರಾದ ಸರ್, ಪಾಪ, ಕೆಟ್ಟವರಲ್ಲ. ಎಂಟರಲ್ಲಿ ಒಂದು ತಪ್ಪುವುದು ಸಹಜ, ಅದನ್ನು ಗೆರೆಯ ಮೇಲೆ ಕೂರಿಸು, ಲೇಖನ ಈ ತಿಂಗಳೊಳಗೆ ಕಳಿಸು ಎಂದರು. ಅವಸರಕ್ಕೆ ಕಾರಣವಿತ್ತು. ನಾನು ಅದೇ ಕಾಲೇಜಿನಲ್ಲಿ ಹಂಗಾಮಿ ಉಪನ್ಯಾಸಕಿ. ಕಾಯಂ ಹುದ್ದೆಗೆ ಮುಂದಿನ ತಿಂಗಳು ಸಂದರ್ಶನ. ಕೈಯಲ್ಲಿ ಕಳಿಸಿದ ಲೇಖನವೊಂದು ಇರಲೇಬೇಕು. ಅಪ್ಪ ಮೊದಲೇ ಹೇಳಿಬಿಟ್ಟಿದ್ದರು, ಈ ವರ್ಷ ಕೆಲಸ ಕಾಯಂ ಆಗದಿದ್ದರೆ ಸಾಕು ಮಾಡಿ ಅಕ್ಕಲಕೋಟಕ್ಕೆ ಬಂದುಬಿಡು, ಗಂಡು ನೋಡುತ್ತೇವೆ ಎಂದು. ನಾನು ಎರಡು ಸಲ ಯೋಚಿಸಲಿಲ್ಲ. ಪೆನ್ಸಿಲ್ಲಿನಿಂದ ಆ ಚುಕ್ಕೆಯನ್ನು ಎತ್ತಿ ನೆತ್ತಿಯ ಮೇಲೆ ಇಟ್ಟೆ.

ಪತ್ರಿಕೆಯವರಿಗೆ ನಕ್ಷೆಯನ್ನು ಪಾರದರ್ಶಕ ಕಾಗದದ ಮೇಲೆ ಕಪ್ಪು ಮಸಿಯಲ್ಲಿ ಬರೆದು ಕಳಿಸಬೇಕಿತ್ತು. ನನ್ನ ಗೆರೆ ಗಾಡಿಯ ಎತ್ತು ಬೆದರಿದ ಹಾಗೆ. ಕಾಲೇಜಿನ ಗುಮಾಸ್ತರು ಈರಣ್ಣ ಕಾಕಾನ ಹೆಸರು ಹೇಳಿದರು. ಅವರು ನೇಕಾರರ ಓಣಿಯಲ್ಲಿ ಕಿಟಕಿಯ ಪಕ್ಕ ಮೇಜು ಹಾಕಿಕೊಂಡು ಚಾದರದ ನಕ್ಷೆ ಬರೆಯುವವರು. ಚೌಕುಳಿ ಕಾಗದದ ಒಂದೊಂದು ಚೌಕಕ್ಕೂ ಅವರು ಮನಿ ಎನ್ನುತ್ತಿದ್ದರು. ಒಂದು ಮನಿ ಎಂದರೆ ಮಗ್ಗದಲ್ಲಿ ಒಂದು ನೂಲು. ಮನಿ ಎಣಿಸಿ ಎಣಿಸಿ ಬಣ್ಣ ತುಂಬಿ ಅವರು ನವಿಲು ಎಬ್ಬಿಸುತ್ತಿದ್ದರು. ನಮ್ಮ ವಿದ್ಯೆಯ ಹಾಗೆ ಅವರದರಲ್ಲೂ ಫ್ಯಾಶನ್ನು ಬಂದು ಹೋಗುತ್ತದೆಂದು ಅವರಿಂದಲೇ ತಿಳಿಯಿತು: ಒಂದು ವರ್ಷ ನವಿಲು, ಮರುವರ್ಷ ಬರೀ ಹೂವು, ನವಿಲಿನ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ.

ಇಂಗ್ಲಿಷು ಅವರಿಗೆ ಬಾರದು, ಅಂಕಿ ಮಾತ್ರ ಚೆನ್ನಾಗಿ ಗೊತ್ತು. ನಾನು ನನ್ನ ಪೆನ್ಸಿಲ್ ನಕ್ಷೆಯನ್ನೂ ಅಂಕಿಗಳ ಪಟ್ಟಿಯನ್ನೂ ಕೊಟ್ಟು ಹೋದೆ. ಎರಡು ದಿನ ಬಿಟ್ಟು ಬಂದರೆ ಏಳು ಚುಕ್ಕೆಗಳು ಮುತ್ತಿನ ಹಾಗೆ ಕೂತಿದ್ದವು. ಐದನೆಯ ಜಾಗ ಖಾಲಿ. ನಕ್ಷೆಯಲ್ಲಿ ಇದು ಒಂದು ಕಡೆ ಇದೆ, ಪಟ್ಟಿಯಲ್ಲಿ ಇನ್ನೊಂದು ಕಡೆ ಇದೆ ಎಂದರು. ಅವರು ನನ್ನ ನಕ್ಷೆಯನ್ನು ನೋಡಿ ನಕಲು ಮಾಡಿರಲಿಲ್ಲ, ಪಟ್ಟಿ ಹಿಡಿದು ಮನಿ ಎಣಿಸಿದ್ದರು. ಚಾದರದವರು ಹಾಗೆಯೇ ಮಾಡುತ್ತಾರೆ ಎಂದು ನನಗೇನು ಗೊತ್ತು? ಈಗ ನಾನು ಮಾಡಿದ್ದನ್ನು ಹೇಳಲು ಇಷ್ಟು ವರ್ಷಗಳ ಮೇಲೂ ನಾಚಿಕೆಯಾಗುತ್ತದೆ. ಅವರ ಮೇಜಿನ ಮೇಲಿದ್ದ ಪೆನ್ಸಿಲ್ಲನ್ನೇ ತೆಗೆದುಕೊಂಡು, ಅವರ ಕಣ್ಣೆದುರೇ ಪಟ್ಟಿಯ ಅಂಕಿಯನ್ನು ತಿದ್ದಿ, ಈಗ ಎರಡೂ ಒಂದೇ ಆಯಿತಲ್ಲ ಕಾಕಾ ಎಂದೆ.

ಅವರು ಲೇಖನಿಯನ್ನು ಒರೆಸಿ ಪಕ್ಕಕ್ಕೆ ಇಟ್ಟರು. ಈ ಐದರ ಹತ್ತಿರ ಏನಿದೆ ಎಂದು ಕೇಳಿದರು. ಐದು ತಾಸು ಕುದಿಸಿದ ಮಣ್ಣು ಎಂದೆ.

"ಮಣ್ಣ ಏನ ಹೇಳ್ಯದ ಅದನ್ನ ಬರೀರಿ, ಅಕ್ಕೋರ. ನಿಮಗ ಬೇಕಾದ್ದ ಬರ್ಯೂದಿದ್ರ ಮಣ್ಣ ಯಾಕ ಕುದಿಸಿದ್ರಿ?"

ನನಗೆ ಸಿಟ್ಟು ಬಂತು. ನಿಮಗೇನು ತಿಳಿಯುತ್ತದೆ, ಇದು ಚಾದರವಲ್ಲ, ನನ್ನ ಕೆಲಸದ ಪ್ರಶ್ನೆ ಎಂದು ಹೇಳಿದೆ. ಸಂದರ್ಶನದ ಸಂಗತಿ, ಅಪ್ಪನ ಮಾತು, ಎಲ್ಲವನ್ನೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಬೇರೆಯವರ ಕೈಯಲ್ಲಿ ಬರೆಸಿಕೊಳ್ಳಿರಿ, ಬೇಸರವಿಲ್ಲ ಎಂದರು.

"ನನ್ನ ಕೈಲಿ ಒಂದ ಮನಿ ತಪ್ಪಿದ್ರ ಸಾವಿರ ಚಾದರದಾಗ ತಪ್ಪತದರಿ. ಹೊದ್ಕೊಂಡಾವ್ರಿಗಿ ಗೊತ್ತಾಗೂದಿಲ್ಲ. ನನಗ ಗೊತ್ತಿರ್ತದ."

ಬೇರೆಯವರನ್ನು ಹುಡುಕಿಕೊಂಡು ಎರಡು ಓಣಿ ಅಲೆದೆ. ಇನ್ನೊಬ್ಬರ ಬಾಗಿಲಿನ ತನಕ ಹೋಗಿಯೂ ಇದ್ದೆ. ಬಾಗಿಲು ತಟ್ಟಲು ಕೈ ಏಳಲಿಲ್ಲ. ಹಾಗೆಯೇ ಸ್ಟ್ಯಾಂಡಿಗೆ ಹೋಗಿ ಅಕ್ಕಲಕೋಟದ ಬಸ್ಸು ಹತ್ತಿದೆ. ಆ ನೊರೆ ಈಗ ನೆನಪಿಗೆ ಬರತೊಡಗಿತ್ತು.

ಅಪ್ಪ ಪಡಸಾಲೆಯಲ್ಲಿ ಕೂತಿದ್ದರು. ಎರಡನೆಯ ಚೀಲದ ಮಣ್ಣು ಎಲ್ಲಿಯದು ಎಂದು ಕೇಳಿದೆ. ಅವರು ಹೆಮ್ಮೆಯಿಂದ ಹೇಳಿದರು: "ಕಾಲೇಜಿಗಿ ಹೋಗೂ ಮಣ್ಣ, ಹಳ್ಳದ ದಂಡಿದು ಹ್ಯಾಂಗ ಕಳಿಸ್ಲಿ? ತ್ವಾಟದ್ದ ಕಳಿಸೀನಿ." ಬಾವಿಯ ಪಕ್ಕದ ತೋಟ ಅಪ್ಪನ ಜೀವ. ಬಂದ ಬೀಗರಿಗೆಲ್ಲ ಮೊದಲು ಅದನ್ನೇ ತೋರಿಸುತ್ತಿದ್ದರು. ಆ ಬಾವಿಯದು ಗಡಸು ನೀರು. ವರ್ಷಗಟ್ಟಲೆ ಹಾಯಿಸಿ ಹಾಯಿಸಿ ತೋಟದ ಮಣ್ಣಿನಲ್ಲಿ ಸುಣ್ಣ ಸೇರಿಕೊಂಡಿತ್ತು. ನಾನು ಹಾಕಿದ ಆಮ್ಲವನ್ನು ಸುಣ್ಣವೇ ಕುಡಿದು, ಮಣ್ಣಿಗೆ ಉಳಿದದ್ದು ಅಷ್ಟಕ್ಕಷ್ಟೆ. ಮಗಳ ಕಾಲೇಜಿಗೆ ಕೀಳು ಮಣ್ಣು ಕಳಿಸಬಾರದೆಂದು ಅಪ್ಪ ಊರಲ್ಲೇ ಚಲೋ ಮಣ್ಣು ಕಳಿಸಿದ್ದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ, ನೀವೇ ಹೇಳಿ.

ಹಳ್ಳದ ದಂಡೆಯದನ್ನು ಮತ್ತೆ ಅಗೆದು ತಂದೆ. ತೊಳೆದು, ಒಣಗಿಸಿ, ಕುದಿಸಿ, ಎಣ್ಣೆ ಹಾಯಿಸಿ ಮುಗಿಸುವ ಹೊತ್ತಿಗೆ ಮೂರು ವಾರ ಕಳೆದಿತ್ತು. ಆ ಮೂರು ವಾರಗಳ ನಡುವೆಯೇ ಸಂದರ್ಶನ ಆಗಿಹೋಯಿತು. ನನ್ನ ಕೈ ಬರಿದಾಗಿತ್ತು. ಎರಡು ಲೇಖನ ಇದ್ದವರಿಗೆ ಹುದ್ದೆ ಸಿಕ್ಕಿತು. ಇನ್ನು ಐದನೆಯ ಚುಕ್ಕೆ ಎಲ್ಲಿ ಬಂತು ಗೊತ್ತೇ? ಗೆರೆಯ ಮೇಲೆ, ಗುಡ್ಡದ ನೆತ್ತಿಯಲ್ಲಿ, ನಾನು ಸುಳ್ಳೇ ಇಟ್ಟಿದ್ದ ಜಾಗದಲ್ಲೇ. ಸರ್ ನಕ್ಕು, ಹೇಳಿರಲಿಲ್ಲವೇ ಎಂದರು. ನನಗೆ ಅಳು ಬಂತು. ಇದ್ದಲ್ಲೇ ಇದ್ದ ಚುಕ್ಕೆಗಾಗಿ ಕೆಲಸ ಕಳೆದುಕೊಂಡಿದ್ದೆ.

ಅಪ್ಪನಿಗೆ ಸುದ್ದಿ ತಿಳಿಸಲು ಹೋದಾಗ ಗಂಡಿನ ಮಾತು ಬರುತ್ತದೆ ಎಂದೇ ಸಿದ್ಧಳಾಗಿ ಹೋಗಿದ್ದೆ. ಮಣ್ಣಿನ ಕತೆಯನ್ನು ಕೇಳಿ ಅವರು ಗಂಡಿನ ಮಾತೇ ಎತ್ತಲಿಲ್ಲ.

"ನನ್ನ ಮಣ್ಣಿಂದ ನಿನ್ನ ಕೆಲಸ ಹೋತು. ಇನ್ನೊಂದ ವರ್ಷ ಇರು, ನಾ ಏನೂ ಕೇಳೂದಿಲ್ಲ" ಎಂದರು. ಕೇಳಲಿಲ್ಲ ಕೂಡ. ಆ ಒಂದು ವರ್ಷದಲ್ಲಿ ಲೇಖನ ಅಚ್ಚಾಯಿತು, ಮತ್ತೊಂದು ಹುದ್ದೆ ಬಂತು, ನನಗೆ ಸಿಕ್ಕಿತು. ಉಳಿದ ಆಯುಷ್ಯವನ್ನೆಲ್ಲ ನಾನು ಆ ಒಂದು ವರ್ಷದ ಮೇಲೆಯೇ ಕಟ್ಟಿಕೊಂಡಿದ್ದೇನೆ.

ಈರಣ್ಣ ಕಾಕಾ ನಕ್ಷೆ ಪೂರ್ತಿ ಮಾಡಿಕೊಟ್ಟರು. ಗೆರೆಯ ಮೇಲೆ ಎಂಟು ಚುಕ್ಕೆ. ಕೆಳಗೆ ಒಂಟಿಯಾಗಿ, ತೋಟದ ಮಣ್ಣಿನದೆಂದು, ಒಂದು ಸಣ್ಣ ಗುಣಾಕಾರದ ಗುರುತು. ಲೇಖನದಲ್ಲಿ ನಾನು ಒಂದು ವಾಕ್ಯ ಸೇರಿಸಿದೆ: ಮಣ್ಣಿನಲ್ಲಿ ಸುಣ್ಣವಿದ್ದರೆ ಅದನ್ನು ಮೊದಲು ತೊಳೆದು ತೆಗೆಯತಕ್ಕದ್ದು, ಇಲ್ಲದಿದ್ದರೆ ಹೀಗಾಗುತ್ತದೆ. ಲೇಖನದ ಕೊನೆಗೆ ಪ್ರಾಂಶುಪಾಲರಿಗೆ, ಪ್ರಯೋಗಶಾಲೆಗೆ ಕೃತಜ್ಞತೆ ಹೇಳಿದ್ದೆವು. ಕಾಕಾನ ಹೆಸರು ಹಾಕೋಣವೇ ಎಂದು ಸರ್‌ಗೆ ಕೇಳಿದೆ. ನಕ್ಷೆ ಬರೆದವರಿಗೆಲ್ಲ ಕೃತಜ್ಞತೆ ಹೇಳುವ ಪದ್ಧತಿಯಿಲ್ಲ ಎಂದರು. ಎರಡನೆಯ ಸಲ ನಾನು ಕೇಳಲಿಲ್ಲ. ಅಚ್ಚಾದ ಪ್ರತಿಯನ್ನು ಒಯ್ದು ಕೊಟ್ಟಾಗ ಕಾಕಾ ಬೇರೆ ಯಾವ ಪುಟವನ್ನೂ ನೋಡಲಿಲ್ಲ. ನಕ್ಷೆ ತೆಗೆದು, ಅಚ್ಚಿನವರು ಮನಿ ಸರಿಸಿಲ್ಲವೆಂದು ಖಾತ್ರಿ ಮಾಡಿಕೊಂಡು, ಪ್ರತಿಯನ್ನು ಮಡಚಿ ಇಟ್ಟುಕೊಂಡರು.

ಶ್ರುತಿ ನಾಲ್ಕನ್ನೂ ಒಂದೊಂದಾಗಿ ತೆರೆದು ಓದಿ ಹೇಳಿದಳು. ಮೊದಲನೆಯದು ನಮ್ಮ ಸರ್ ಬರೆದದ್ದೇ, ಅಂದರೆ ನಮ್ಮ ಬೆನ್ನನ್ನು ನಾವೇ ತಟ್ಟಿಕೊಂಡದ್ದು. ಎರಡನೆಯದು ಮಣ್ಣಿನ ಮೇಲೆ ಬರೆದವರೆಲ್ಲರ ಪಟ್ಟಿ, ಮದುವೆಗೆ ಕರೆದವರ ಯಾದಿಯ ಹಾಗೆ. ಉಳಿದ ಎರಡೂ ದೂರದ ದೇಶಗಳವು, ಸುಣ್ಣದ ನೆಲದ ಜನ ಬರೆದವು. ಎರಡರಲ್ಲೂ ನಮ್ಮ ಗುಡ್ಡದಂಥ ಗೆರೆಯ ಸುದ್ದಿಯೇ ಇಲ್ಲ. ಇಬ್ಬರೂ ಎತ್ತಿಕೊಂಡದ್ದು ಆ ಕೆಳಗಿನ ಗುರುತನ್ನು. ಮೊದಲ ಎರಡು, ನಾನು ಸುಳ್ಳು ಬರೆದಿದ್ದರೂ ಬರುತ್ತಿದ್ದವು. ಈ ಎರಡು ಬರುತ್ತಿರಲಿಲ್ಲ. ನಾನು ಕಾಕಾನ ಕತೆಯನ್ನು ನಿಮಗೆ ಹೇಳಿದ ಹಾಗೆಯೇ ಅವಳಿಗೂ ಹೇಳಿದೆ.

ಅವಳು ಆ ನಾಲ್ಕನ್ನೂ ಮುಚ್ಚಿದಳು. ಆಮೇಲೆ ಲ್ಯಾಪ್‌ಟಾಪಿನಲ್ಲಿ ತನ್ನದೇ ಒಂದು ನಕ್ಷೆ ತೆಗೆದಳು. ದೊಡ್ಡ ಪತ್ರಿಕೆಗಂತೆ, ಮಂಗಳವಾರ ಕಳಿಸಬೇಕಂತೆ, ಅದು ಅಚ್ಚಾದರೇ ಮುಂದಿನ ಫೆಲೋಶಿಪ್ಪಂತೆ. ಬಣ್ಣಬಣ್ಣದ ಚುಕ್ಕೆಗಳು, ನೋಡಲು ಚೆಂದ.

"ಇಲ್ಲಿ ಒಂದ ಇತ್ತು, ಅಜ್ಜಿ. ನಿನ್ನಿ ತಗದೀನಿ."

ಅದು ಅಲ್ಲಿ ಇರಬೇಕೋ ಬೇಡವೋ ನನಗೆ ತಿಳಿಯದು. ನನ್ನ ವಿದ್ಯೆ ಹಳತಾಯಿತು, ಕಣ್ಣೂ ಹಳತಾಯಿತು. ಹಾಗೆಂದೇ ಹೇಳಿದೆ. ಬುದ್ಧಿ ಹೇಳುವ ಹಕ್ಕೂ ನನಗಿರಲಿಲ್ಲ. ಅವಳ ವಯಸ್ಸಿನಲ್ಲಿ ನಾನು ಅಂಕಿಯನ್ನೇ ತಿದ್ದಿದವಳು. ಅವಳು ಫೋನು ಎತ್ತಿಕೊಂಡು ಅಂಗಳಕ್ಕೆ ಹೋದಳು. ತನ್ನ ಗೈಡ್ ಜೊತೆ ಮರಾಠಿಯಲ್ಲಿ ಮಾತಾಡುವುದು ಒಳಗೆ ಕೇಳಿಸುತ್ತಿತ್ತು. ಮಂಗಳವಾರ ಆಗುವುದಿಲ್ಲ ಸರ್, ಆ ಮಾದರಿಯನ್ನು ಇನ್ನೊಮ್ಮೆ ಮಾಡಿ ನೋಡಬೇಕು ಎಂದಳು. ಆ ಕಡೆಯಿಂದ ಏನೋ ಗದರಿದ ಹಾಗಿತ್ತು. ಗೊತ್ತಿದೆ ಸರ್, ಆದರೂ ಮಾಡುತ್ತೇನೆ ಎಂದಳು.

ನಾನು ಕೂತಲ್ಲೇ, ಯಾರಿಗೂ ಕೇಳಿಸದ ಹಾಗೆ, ಈರಣ್ಣ ಕಾಕಾನಿಗೆ ಕೈ ಮುಗಿದೆ.