ಯಮನೂರಮ್ಮ ಹೊಲಿದ ಮಾಳಿಗೆ

ಗಂಗಾವತಿಯಿಂದ ಕನಕಗಿರಿಗೆ ಹೋಗುವ ರಸ್ತೆಯಲ್ಲಿ ಒಂದು ಬೇವಿನ ಮರದ ಕೆಳಗೆ ತಗಡಿನ ಕುಶನ್ ಅಂಗಡಿಯಿದೆ. ಆಟೋ, ಜೀಪು, ಟ್ರ್ಯಾಕ್ಟರ್, ಯಾವುದೇ ಬರಲಿ, ಅದಕ್ಕೆ ಸೀಟಿನ ಹೊದಿಕೆ, ಮೇಲಿನ ಹುಡ್ಡು ಹೊಲಿದು ಕೊಡುವುದು ಅಲ್ಲಿಯ ಕೆಲಸ. ಅಂಗಡಿಯ ಒಡತಿ ಯಮನೂರಮ್ಮ ತಾವರಗೇರಾ ಕಡೆಯವರು. ಮದುವೆಯಾಗಿ ಬಂದ ಹೊಸದರಲ್ಲಿ, ಗಂಡ ವಿರುಪಣ್ಣ ಹೊಲಿಯುವಾಗ ಬಟ್ಟೆಯ ತುದಿ ಹಿಡಿದು ನಿಲ್ಲುವುದಷ್ಟೇ ಅವರ ಪಾಲಿನ ಕೆಲಸವಾಗಿತ್ತು. ನಿಂತು ನಿಂತು ಬೇಸತ್ತು ಒಂದು ದಿನ "ನೀವ್ ಹಿಡೀರಿ, ನಾ ಹೊಲೀತೀನಿ" ಅಂದರಂತೆ. ಅಲ್ಲಿಂದ ಮುಂದೆ ಹಿಡಿದು ನಿಂತವನು ವಿರುಪಣ್ಣನೇ. ಅವನು ತೀರಿಕೊಂಡ ಮೇಲೂ ಹೊಲಿಗೆ ಯಂತ್ರದ ಸದ್ದು ನಿಲ್ಲಲಿಲ್ಲ. ಒಬ್ಬನೇ ಮಗ ಗೋವಿಂದರಾಜ ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕೆ ಸೇರಿದ. ದಾವಣಗೆರೆಯಲ್ಲಿ ಓದಿ ಬೆಳೆದ ರಂಜಿತಾ ಸೊಸೆಯಾಗಿ ಬಂದಳು.

ರಂಜಿತಾಗೆ ಅತ್ತೆಯ ಬಗ್ಗೆ ಮೊದಲು ಅಚ್ಚರಿಯಾದದ್ದು ಒಂದು ಹಳೆಯ ಜೀಪಿನ ಹುಡ್ಡಿನಿಂದ. ಚಹಾ ತೆಗೆದುಕೊಂಡು ಅಂಗಡಿಗೆ ಹೋದಾಗ ಯಮನೂರಮ್ಮ ರಿಪೇರಿಗೆ ಬಂದ ಆ ಹುಡ್ಡನ್ನು ಒಳಮೈ ಹೊರಗೆ ಮಾಡಿ, ಅಂಚಿನ ಹೊಲಿಗೆ ಬಿಚ್ಚಿ, ಮಡಿಕೆಯನ್ನು ಅಂಗೈ ಮೇಲೆ ಕೊಡವುತ್ತಿದ್ದರು. ಸಣ್ಣ ಮರಳು ಉದುರಿತು. ಮರಳಿನ ನಡುವೆ ಉಗುರಿನಷ್ಟು ಸಣ್ಣ ಒಂದು ಚಿಪ್ಪು.

"ಎಲ್ಲಿಂದ ಬಂತು ಅತ್ತೆ ಇದು?"

"ಗೋಕರ್ಣದ್ದು. ಈ ಜೀಪಿನವ್ರು ಹೋಗಿ ಬಂದಾರ. ನಾ ಹೊಲದ ಹುಡ್ಡ ಸಮುದ್ರ ನೋಡಿ ಬಂತು, ನಾ ನೋಡು, ಇಲ್ಲೇ ಕಂಬ ಹುಗದಂಗ ಕುಂತೀನಿ" ಎಂದು ನಕ್ಕರು. ನಕ್ಕರಾದರೂ ಆ ಚಿಪ್ಪನ್ನು ಚೆಲ್ಲಲಿಲ್ಲ. ಗುಂಡಿ, ಕೊಕ್ಕೆ ಹಾಕಿಡುವ ಡಬ್ಬಿಯೊಳಗೆ ಹಾಕಿಕೊಂಡರು.

ಅದಾದ ಕೆಲವು ತಿಂಗಳಿಗೆ ಆನೆಗೊಂದಿ ಕಡೆಯಿಂದ ಒಂದು ವಿಚಿತ್ರ ಗಾಡಿ ಬಂದು ಬೇವಿನ ಮರದಡಿ ನಿಂತಿತು. ಪುಣೆಯ ಗಂಡ ಹೆಂಡತಿ. ಊರೂರು ತಿರುಗುತ್ತ ಅದರಲ್ಲೇ ಅಡುಗೆ, ಅದರಲ್ಲೇ ನಿದ್ದೆ. ಗಾಡಿಯ ನೆತ್ತಿ ಟ್ರಂಕಿನ ಮುಚ್ಚಳದ ಹಾಗೆ ಮೇಲೇಳುತ್ತಿತ್ತು, ಎದ್ದ ಸಂದಿಗೆ ಮೂರೂ ಕಡೆ ಬಲೆಯ ಕಿಟಕಿಯಿದ್ದ ಕ್ಯಾನ್ವಾಸಿನ ಗೋಡೆ. ಆ ಗೋಡೆಯನ್ನು ಆನೆಗೊಂದಿಯ ಬೆಟ್ಟದ ಬುಡದಲ್ಲಿ ಮಂಗಗಳು ಹರಿದು ಹಾಕಿದ್ದವು. ಯಮನೂರಮ್ಮ ಒಳಗೆ ಹತ್ತಿ ಕೂತು ಹೊಲಿದರು. ಹೊಲಿಗೆ ಮುಗಿದರೂ ಇಳಿಯಲೊಲ್ಲರು. ನೆತ್ತಿಯನ್ನು ಎಳೆದರು, ಎತ್ತಿದರು, ಮತ್ತೆ ಎಳೆದರು. ಬಟ್ಟೆ ಹೇಗೆ ಮಡಚಿ ಒಳಗೆ ಬೀಳುತ್ತದೆಂದು ಬಗ್ಗಿ ನೋಡಿದರು. ಕೊನೆಗೆ ಆ ಹೆಂಗಸೇ ಕೈಹಿಡಿದು ಇಳಿಸಬೇಕಾಯಿತು.

ಗಾಡಿ ಹೋದದ್ದೇ, ಪಕ್ಕದಲ್ಲಿ ಟಿಂಕರಿಂಗ್ ಮಾಡುವ ಜಿಲಾನಿಯನ್ನು ಕರೆದರು.

"ಜಿಲಾನಿ, ಓಮ್ನಿ ಗಾಡಿ ತಲಿ ಕೊಯ್ಯಾಕ ಬರತೈತೇನೋ?"

"ಕೊಯ್ಯೋದೇನ್ ಅಕ್ಕಾರ, ಸಸಾರ. ತಿರುಗಿ ಕೂಡಸೋದು ತ್ರಾಸು."

"ಕೂಡಸೂದು ಬ್ಯಾಡ. ಬಾಯಿ ತಗದು ಮುಚ್ಚಂಗ ಆಗ್ಬೇಕು."

"ಒಳಗ ಏನ್ ಇಡಾವ್ರು?"

"ನನ್ನ" ಎಂದರು ಯಮನೂರಮ್ಮ.

ಶಾಲೆಯ ಮಕ್ಕಳನ್ನು ಹೊತ್ತು ಹೊತ್ತು ದಣಿದಿದ್ದ ಒಂದು ಹಳೆಯ ಓಮ್ನಿ ಬೇವಿನ ಮರದಡಿಗೆ ಬಂತು. ಹಿಂದಿನ ಸೀಟು ಕಿತ್ತು ಹಲಗೆಯ ಮಂಚ ಮಾಡಿದರು; ಮಂಚದ ಕೆಳಗೆ ಪಾತ್ರೆ ಪಡಗಕ್ಕೆ ಗೂಡು, ಬಾಗಿಲ ಬದಿಗೆ ಒಂದು ಒಲೆ. ಜಿಲಾನಿ ನೆತ್ತಿ ಕೊಯ್ಯಲು ಗೆರೆ ಎಳೆದ. ನೆತ್ತಿ ಹೋದರೆ ಗಾಡಿಯ ಕಸುವು ಹೋಗಿ ಬಾಗಿಲು ಜೋಲುತ್ತವೆಂದು ಒಳಗೆ ಸುತ್ತಲೂ ಪೈಪಿನ ಚೌಕಟ್ಟು ಕೂಡಿಸಿದ. ಗುಜರಿಗೆ ಬಿದ್ದಿದ್ದ ಒಂದು ಕಾರಿನ ಡಿಕ್ಕಿ ಎತ್ತುವ ಕಂಬಿಗಳನ್ನು ತಂದು ಕೂಡಿಸಿದರೆ ನೆತ್ತಿ ತಾನಾಗಿಯೇ ಎದ್ದು ನಿಲ್ಲುತ್ತದೆ ಎಂದ. ಗಾಡಿಯ ಕಾಗದದಲ್ಲಿ ಈ ಬದಲಾವಣೆ ಬರೆಸುವ ಓಡಾಟ ತನಗಿರಲಿ ಎಂದ ಗೋವಿಂದರಾಜ. ಬಟ್ಟೆಯ ಕೆಲಸ ಮಾತ್ರ ಯಮನೂರಮ್ಮನದು. ಮೂಲೆಯಲ್ಲಿ ಬಟ್ಟೆ ಸೀರೆಯ ನೆರಿಗೆಯಂತೆ ತಾನೇ ಮಡಚಿಕೊಳ್ಳಬೇಕು, ಇಲ್ಲದಿದ್ದರೆ ನೆತ್ತಿ ಕೂರುವುದಿಲ್ಲ. ಆ ಮೂಲೆಯನ್ನು ಅವರು ಹಳೆಯ ಧೋತರದ ಮೇಲೆ ಹೊಲಿದು, ಬಿಚ್ಚಿ, ಮತ್ತೆ ಹೊಲಿದು ನೋಡುತ್ತಿದ್ದರು. ಸಮುದ್ರದ ದಂಡೆಯಲ್ಲಿ ಗಾಡಿ ನಿಲ್ಲಿಸಿ, ನೆತ್ತಿ ಎತ್ತಿ, ತಾನು ಹೊಲಿದ ಬಟ್ಟೆಯ ಕೆಳಗೆ ಒಂದು ನಿದ್ದೆ ಮಾಡಿ ಏಳಬೇಕು. ಅವರಿಗೆ ಬೇಕಾದದ್ದು ಇಷ್ಟೇ.

ಆಗ ರಂಜಿತಾಗೆ ನಾಲ್ಕನೆಯ ತಿಂಗಳು. ಹಿಂದಿನ ವರ್ಷ ಒಂದು ಬಸಿರು ನಿಲ್ಲದೆ ಹೋಗಿತ್ತು. ಆ ಮೇಲೆ ಅವಳು ಮೆಟ್ಟಿಲು ಇಳಿಯುವಾಗಲೂ ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದಳು. ಸ್ವಲ್ಪ ಹೊಟ್ಟೆ ಹಿಡಿದರೂ ಫೋನಿನಲ್ಲಿ ಹುಡುಕಿ ಓದುತ್ತಿದ್ದಳು, ಓದಿದಷ್ಟೂ ಹೆದರುತ್ತಿದ್ದಳು.

ಜಿಲಾನಿ ನೆತ್ತಿ ಕೊಯ್ದ ಮರುದಿನ, ಓಣಿಯ ಹಿರಿಯಳು ಮುದುಕವ್ವ ಅಂಗಡಿಯ ಮುಂದೆ ನಿಂತು ಕೈ ಬಾಯಿಗೆ ಒಯ್ದಳು.

"ಮನ್ಯಾಗ ಬಸರಿ ಹೆಂಗಸು ಅದಾಳ. ಮಾಳಿಗಿ ಬಿಚ್ಚತಾರೇನ, ಯಮನೂರಿ?"

"ಇದ್ ಮನಿ ಅಲ್ಲಬೇ, ಗಾಡಿ."

"ಒಲಿ ಇಟ್ಟಿ, ಹಾಸಿಗಿ ಇಟ್ಟಿ, ಮ್ಯಾಲ ಮಾಳಿಗಿ ಹೊಲ್ಯಾಕ ಕುಂತಿ. ಮನಿ ಅಲ್ದ ಮತ್ತೇನ ಇದು, ದನದ ಕೊಟಿಗ್ಯೇನ?"

"ಗಾಲಿ ಅದಾವಲ್ಲ!"

"ತೇರಿಗೂ ಗಾಲಿ ಅದಾವ. ಅದು ದೇವರ ಮನಿ ಅಲ್ಲೇನ?"

ಜಿಲಾನಿ ಬಿದ್ದು ಬಿದ್ದು ನಕ್ಕ. ರಂಜಿತಾಳೂ ನಕ್ಕಳು. ಮನೆಯಲ್ಲಿ ಬಸುರಿ ಇರುವಾಗ ಮಾಳಿಗೆ ತೆಗೆಯಬಾರದು, ಹಾಕಬಾರದು ಎನ್ನುವುದು ಅವಳೂ ಕೇಳಿದ ಮಾತೇ, ನಂಬಿದ ಮಾತಲ್ಲ. ಆದರೆ ಮನೆಗೆ ಬಂದು ಅಕ್ಕಿ ಆರಿಸುತ್ತ ಕೂತವಳಿಗೆ ಆ ಕೊಯ್ದ ನೆತ್ತಿಯೇ ಕಣ್ಣ ಮುಂದೆ ಬರತೊಡಗಿತು. ತಗಡಿನ ಹರಿತವಾದ ಅಂಚು, ಒಳಗೆ ಬೀಳುತ್ತಿರುವ ಬಿಸಿಲು. ಸುಳ್ಳೇ ಇರಬಹುದು. ಸುಳ್ಳಲ್ಲದಿದ್ದರೆ? ಸಂಜೆ ಅತ್ತೆ ಬರುವಷ್ಟರಲ್ಲಿ ಅವಳ ಮುಖ ಬಾಡಿತ್ತು.

"ಅತ್ತೆ, ಒಂದು ಮಾತು. ನನಗೆ ನಂಬಿಕೆ ಅಂತ ಅಲ್ಲ. ಆದ್ರೂ... ಹೆರಿಗೆ ಆಗೋ ತನಕ ಆ ಕೆಲಸ ನಿಲ್ಲಿಸ್ತೀರಾ?"

ಯಮನೂರಮ್ಮ ಸೊಸೆಯ ಮುಖ ನೋಡಿದರು. "ಆತು ಬಿಡವ್ವ. ಹೆರಿಗಿ ಆದ ಮ್ಯಾಲ ಮುಗಸೋಣು, ನೀ ಅಂದಾಗ ಹೋಗೋಣು" ಎಂದರು. ಮರುದಿನ ಓಮ್ನಿಯ ಮೇಲೆ ತಾಡಪತ್ರಿ ಹೊದಿಸಿ ನಾಲ್ಕೂ ಕಡೆ ಹಗ್ಗ ಬಿಗಿದರು.

ದಾವಣಗೆರೆಯ ತವರಿನಲ್ಲಿ ಹೆರಿಗೆ ಸುಸೂತ್ರವಾಯಿತು. ಹೆಣ್ಣು ಕೂಸು. ಸುದ್ದಿ ಕೇಳಿದ ದಿನವೇ ಯಮನೂರಮ್ಮ ತಾಡಪತ್ರಿಯ ಹಗ್ಗ ಬಿಚ್ಚಿದರಂತೆ. ರಂಜಿತಾ ಐದು ತಿಂಗಳ ಕೂಸಿನೊಡನೆ ಗಂಗಾವತಿಗೆ ಮರಳುವಷ್ಟರಲ್ಲಿ ಗಾಡಿ ಮುಗಿದಿತ್ತು, ಕಾಗದವೂ ಆಗಿತ್ತು.

"ಬಾರವ್ವ, ನೋಡು ಬಾ. ಮಾಳಿಗಿ ಎತ್ತಿ ತೋರಸ್ತೀನಿ" ಎಂದು ಯಮನೂರಮ್ಮ ಹುಡುಗಿಯಂತೆ ಸಂಭ್ರಮಪಟ್ಟರು.

"ಪಾಪು ಈಗ ಮಲಗಿದೆ ಅತ್ತೆ, ಬಿಸಿಲು ಬೇರೆ. ಆಮೇಲೆ ನೋಡ್ತೀನಿ" ಎಂದಳು ರಂಜಿತಾ.

ಆ ಆಮೇಲೆ ಬರಲೇ ಇಲ್ಲ. ಮುಂದೆ ಎಷ್ಟೋ ಸಲ ಅವಳಿಗೆ ನೆನಪಾಗಿ ಚುಚ್ಚಿದ್ದು ಇದೇ. ಮನೆಯಿಂದ ಅಂಗಡಿಗೆ ಕೂಗಳತೆಯ ದಾರಿ. ಹೋಗಿ ಒಮ್ಮೆ ನೋಡಿ "ಚೆನ್ನಾಗಿದೆ" ಅಂದಿದ್ದರೆ ಕೂಸಿಗೆ ಏನಾಗುತ್ತಿತ್ತು?

ಹೋಗುವ ಮಾತು ಬಂದಾಗಲೆಲ್ಲ ಅವಳಿಗೊಂದು ಕಾರಣ ಸಿಗುತ್ತಿತ್ತು. ಕೂಸಿಗೆ ನೆಗಡಿ. ಕೂಸಿಗೆ ಹಲ್ಲು ಬರುತ್ತಿವೆ. ಗಾಡಿಯಲ್ಲಿ ವಾಂತಿ ಮಾಡಿಕೊಂಡರೆ? ದಾರಿಯಲ್ಲಿ ಡಾಕ್ಟರು ಸಿಗದಿದ್ದರೆ? ಒಂದೂ ನೆಪವಲ್ಲ, ಎಲ್ಲವೂ ನಿಜವಾದ ಭಯ. ಒಮ್ಮೆ ಗೋವಿಂದರಾಜ "ನಾನೂ ಅವ್ವನೂ ಅಷ್ಟ ಹೋಗಿ ಬರ್ತೀವಿ ತಗೋ" ಅಂದ. ಒಬ್ಬಳೇ ಕೂಸಿನ ಜೊತೆ ಇರುವುದನ್ನು ನೆನೆದು ರಂಜಿತಾಳ ಕಣ್ಣು ತುಂಬಿದವು. ಅದನ್ನು ಕಂಡ ಯಮನೂರಮ್ಮ "ಏ, ಸುಮ್ಮನಿರೋ. ಕೂಸಿನ್ನ ಬಿಟ್ಟು ನಾ ಎಲ್ಲಿ ಬರ್ಲಿ" ಎಂದು ಮಗನನ್ನೇ ಗದರಿದರು. ಓಮ್ನಿಯ ಮೇಲೆ ಮತ್ತೆ ತಾಡಪತ್ರಿ ಬಿತ್ತು. ಅವರು ಕಾಯುತ್ತಿದ್ದದ್ದು ಸೊಸೆಯ ಒಂದು ಹೂಂಗೆ. ನೀ ಅಂದಾಗ ಎಂದು ಮಾತು ಕೊಟ್ಟಿದ್ದರಲ್ಲ.

ಮಳೆಗಾಲ ಬಂತು. ಕಾಲುವೆಗೆ ನೀರು ಬಿಟ್ಟು ಗದ್ದೆಗಳೆಲ್ಲ ತುಂಬಿ ನಿಂತಾಗ ಸೊಳ್ಳೆಗಳ ಕಾಟ ವಿಪರೀತವಾಯಿತು. ಓಣಿಯಲ್ಲಿ ಮನೆಗೊಬ್ಬರಂತೆ ಜ್ವರ ಹಿಡಿದು ಮಲಗಿದರು. ರಂಜಿತಾಗೆ ಊಟ ಸೇರದು. ಅಂಗಡಿಯಿಂದ ತಂದ ಸೊಳ್ಳೆ ಪರದೆಯನ್ನು ಕೂಸು ಕಾಲಿನಿಂದ ಒದ್ದು ಹರಿಯಿತು. ಇನ್ನೊಂದು ತಂದರೆ ಅದೂ ಹರಿಯಿತು. "ಏನ್ ಮಾಡ್ಲಿ ಅತ್ತೆ, ನನ್ನ ಕೂಸಿಗೆ ಏನಾದ್ರೂ ಆದ್ರೆ?" ಎಂದು ಅವಳು ಅತ್ತ ಮರುದಿನವೇ ಯಮನೂರಮ್ಮ ಒಂದು ಜೋಳಿಗೆ ತೊಟ್ಟಿಲು ಹೊಲಿದು ತಂದರು. ಹಸಿರು ಕ್ಯಾನ್ವಾಸಿನ ಗಟ್ಟಿ ತಳ, ಎರಡೂ ಕಡೆ ಒದ್ದರೂ ಹರಿಯದ ಬಲೆಯ ಕಿಟಕಿ, ಮೇಲೆ ಜಿಪ್ಪು. ಕೂಸು ಅದರೊಳಗೆ ರಾಣಿಯಂತೆ ಮಲಗಿತು. ರಂಜಿತಾ ಫೋಟೋ ತೆಗೆದು ದಾವಣಗೆರೆಯ ತಂಗಿ ದೀಪಿಕಾಗೆ ಕಳಿಸಿದಳು: ನಮ್ಮ ಅತ್ತೆ ಕೈ ನೋಡು, ಇಂಥದ್ದು ಪೇಟೆಯಲ್ಲೂ ಸಿಗಲ್ಲ.

ಆ ಮಳೆಗಾಲ ಕೂಸಿಗೆ ಒಂದು ಸೊಳ್ಳೆಯೂ ಕಚ್ಚಲಿಲ್ಲ. ಕಚ್ಚಿದ್ದು ಯಮನೂರಮ್ಮನನ್ನು. ಚಿಕುನ್‌ಗುನ್ಯಾ ಎಂದರು. ಜ್ವರವೇನೋ ಬೇಗ ಇಳಿಯಿತು, ಕೀಲುಗಳ ನೋವು ಇಳಿಯಲಿಲ್ಲ. ಬಲಗೈಯ ಬೆರಳುಗಳು ಮುಷ್ಟಿ ಕಟ್ಟಲು ಒಲ್ಲೆ ಎಂದವು. ಸೀಟಿನ ಹೊದಿಕೆಯಂಥ ಯಂತ್ರದ ಹೊಲಿಗೆಯನ್ನು ನಿಧಾನವಾಗಿ ಮಾಡುತ್ತಿದ್ದರು; ದಪ್ಪ ಬಟ್ಟೆಗೆ ದಬ್ಬಣ ಚುಚ್ಚಿ ಎಳೆಯುವ ಕೆಲಸ ಬಂದರೆ ಗಿರಾಕಿಗಳನ್ನು ವಾಪಸು ಕಳಿಸುತ್ತಿದ್ದರು.

ಸಂಕ್ರಾಂತಿ ಮುಗಿದ ಮೇಲೆ ಒಂದು ಬೆಳಿಗ್ಗೆ ಕೂಸು ಗೋಡೆ ಹಿಡಿದು ತಾನೇ ಹೆಜ್ಜೆ ಇಟ್ಟಿತು. ಅದನ್ನು ನೋಡುತ್ತ ನಿಂತ ರಂಜಿತಾಳ ಎದೆಯಿಂದ ಯಾವುದೋ ಭಾರ ಸರಿದ ಹಾಗಾಯಿತು. ಸಮುದ್ರಕ್ಕೆ ಹೋಗೋಣವೆಂದು ಗೋವಿಂದರಾಜನಿಗೆ ರಜೆ ಹಾಕಲು ಹೇಳಿದಳು. ಅತ್ತೆಗೆ ಅಚ್ಚರಿಯಾಗಲಿ ಎಂದು, ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ತಾನೇ ಹೋಗಿ ತಾಡಪತ್ರಿ ಸರಿಸಿ, ಓಮ್ನಿಯೊಳಗೆ ಹತ್ತಿ, ನೆತ್ತಿಯ ಕೊಕ್ಕೆ ತೆಗೆದಳು. ಕಂಬಿಗಳು ಉಸ್ಸೆಂದು ನೆತ್ತಿಯನ್ನು ಎತ್ತಿದವು.

ಮೂರೂ ಕಡೆ ಬಟಾಬಯಲು. ಬೇವಿನ ಟೊಂಗೆ ನೇರವಾಗಿ ಕಾಣುತ್ತಿತ್ತು. ಚೌಕಟ್ಟಿನ ಅಂಚಿಗೆ ನಾಲ್ಕು ಬೆರಳಗಲದ ಹಸಿರು ಕ್ಯಾನ್ವಾಸು ಮಾತ್ರ ಉಳಿದಿತ್ತು, ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದು. ಆ ಹಸಿರನ್ನು ರಂಜಿತಾ ದಿನಾ ಮುಟ್ಟುತ್ತಿದ್ದಳು, ತೂಗುತ್ತಿದ್ದಳು.

ಯಮನೂರಮ್ಮ ಬಂದು ಬಾಗಿಲ ಬಳಿ ನಿಂತಿದ್ದರು.

"ಅತ್ತೆ, ತೊಟ್ಟಿಲಿಗೆ ಅಂತ ಇದನ್ನ ಕತ್ತರಿಸಿಬಿಟ್ರಾ?"

"ಒದ್ರೂ ಹರೀದಂಥ ಬಲಿ ಬಟ್ಟಿ ನನ್ನ ಕಡೆ ಬ್ಯಾರೆ ಇರಲಿಲ್ಲವ್ವ. ನೀ ನೋಡಿದ್ರ ಉಣ್ಣವಲ್ಲಿ, ಮಲಗವಲ್ಲಿ. ಇದು ಸುಮ್ನ ಕುಂತಿತ್ತು. ಮತ್ತೊಂದು ಹೊಲದ್ರಾತು ಅಂದ್ಕೊಂಡೆ." ಅವರು ಬಲಗೈಯನ್ನು ಸೆರಗಿನೊಳಗೆ ಸರಿಸಿಕೊಂಡರು. "ಬೆರಳು ಹಿಂಗ ಮಾಡತಾವ ಅಂತ ಯಾರಿಗ್ ಗೊತ್ತಿತ್ತು?"

"ಹುಬ್ಬಳ್ಳಿಯಲ್ಲಿ ಹೊಲಿಸೋಣ. ಇದೇ ಅಳತೆ ಕೊಟ್ರೆ ಯಾರಾದ್ರೂ..."

"ಹೊಲೀತಾರ, ಯಾಕ ಹೊಲ್ಯಂಗಿಲ್ಲ" ಎಂದರು ಯಮನೂರಮ್ಮ. "ಆದ್ರ ಮಂದಿ ಹೊಲದ ಹುಡ್ಡಿನ ಕೆಳಗ ಮಲಗಾಕ ನಾ ಯಾಕ ಅಷ್ಟು ದೂರ ಹೋಗ್ಲಿ? ಅದಕ್ಕ ಬಸ್ಸ ಅದಾವ."

"ನಾನು ಮೊದಲೇ ಹೂಂ ಅಂದಿದ್ರೆ..." ರಂಜಿತಾ ಅಂಗೈಯಿಂದ ಕಣ್ಣೊರೆಸಿಕೊಂಡಳು.

"ಅಳಬ್ಯಾಡ, ಕೂಸು ಹೆದರತೈತಿ. ಕೊಡಿಲ್ಲೆ" ಎಂದು ಯಮನೂರಮ್ಮ ಮೊಮ್ಮಗಳನ್ನು ಎತ್ತಿಕೊಂಡರು. ಹಲಗೆಯ ಮಂಚದ ಮೇಲೆ ಕೂಸನ್ನು ಕೂರಿಸಿ, ತಾವೂ ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತು ಮೇಲೆ ನೋಡಿದರು. ಕಾಲು ಚಾಚಿ ಮಲಗಲಿಲ್ಲ.

ಓಮ್ನಿಯನ್ನು ಜಿಲಾನಿಯ ಪರಿಚಯದ, ಮಿರ್ಚಿ ಮಾರುವ ವಾಹೀದ ದುಡ್ಡು ಕೊಟ್ಟು ಒಯ್ದ. ನೆತ್ತಿ ಎತ್ತಿದರೆ ಎಣ್ಣೆಯ ಹೊಗೆ ಹೊರಗೆ ಹೋಗುತ್ತದೆ, ಮಿರ್ಚಿ ಕರಿಯಲು ಇದಕ್ಕಿಂತ ಛಲೋ ಗಾಡಿ ಹುಟ್ಟಿಲ್ಲ ಎಂದ. ಈಗ ಅದು ಕೊಪ್ಪಳ ರಸ್ತೆಯ ಬದಿಯಲ್ಲಿ ನೆತ್ತಿ ತೆರೆದುಕೊಂಡು ನಿಂತಿರುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಅತ್ತೆ ಸೊಸೆ ಸಂತೆಗೆ ಹೋದಾಗ ವಾಹೀದ "ಬರ್ರಿ ಅಕ್ಕಾರ, ನಿಮ್ಮ ಮನಿ ಐತಿದು" ಎಂದು ಕರೆಯುತ್ತಾನೆ. ಯಮನೂರಮ್ಮ ನಗುತ್ತಾರೆ, ಮಿರ್ಚಿ ತಿನ್ನುತ್ತಾರೆ, ಮಳೆಗೆಂದು ಅವನು ಕಟ್ಟಿದ ಪ್ಲಾಸ್ಟಿಕ್ಕಿನ ಮೂಲೆ ಸರಿಯಾಗಿ ಕೂತಿಲ್ಲ ಎನ್ನುತ್ತಾರೆ. ರಂಜಿತಾ ತನ್ನ ಪಾಲಿನದನ್ನು ಕಾಗದದಲ್ಲೇ ಸುತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಾಳೆ.

ಕೂಸು ಈಗ ತೊಟ್ಟಿಲಲ್ಲಿ ಹಿಡಿಸುವುದಿಲ್ಲ. ಮೊನ್ನೆ ರಂಜಿತಾ ತೊಟ್ಟಿಲನ್ನು ಕೊಕ್ಕೆಯಿಂದ ಇಳಿಸಿ ಒಗೆಯಲು ತೆಗೆದುಕೊಂಡಳು. ಒಳಮೈ ಹೊರಗೆ ಮಾಡಿದಾಗ, ಒಂದು ಮೂಲೆಯಲ್ಲಿ ಸೀರೆಯ ನೆರಿಗೆಯಂಥ ಮಡಿಕೆ ಹಾಗೇ ಉಳಿದಿತ್ತು, ತೊಟ್ಟಿಲಿಗೆ ಬೇಕಿಲ್ಲದ್ದು. ಅವಳು ಅದರ ಅಂಚಿನ ಹೊಲಿಗೆಯನ್ನು ಒಂದಿಷ್ಟು ಬಿಚ್ಚಿ, ಅತ್ತೆ ಅಂದು ಜೀಪಿನ ಹುಡ್ಡಿಗೆ ಮಾಡಿದಂತೆ ಅಂಗೈ ಮೇಲೆ ಕೊಡವಿದಳು. ಕೂಸಿನ ಪೌಡರು ಒಂದು ಚಿಟಿಕೆಯಷ್ಟು ಉದುರಿತು.