ಪಾಲಣ್ಣನ ಎದೆಮಟ್ಟ

ಬೆಳಗಿನ ಆರು ಗಂಟೆ. ಹಿರಿಯೂರಿನಿಂದ ಹೊಸದುರ್ಗದ ಕಡೆಗಿರುವ ಕುರುಚಲು ಗುಡ್ಡದಲ್ಲಿ ಪಾಲಣ್ಣ ಒಂದು ಕಮರದ ಮರವನ್ನು ತಬ್ಬಿಕೊಂಡಿದ್ದಾರೆ. ಪ್ರೀತಿಗಲ್ಲ, ಟೇಪು ಸುತ್ತುವುದಕ್ಕೆ.

"ಐವತ್ತೆಂಟು ಸೆಂಟಿಮೀಟರು. ಬರ್ಕಳ್ರಿ ಮೇಡಂ."

ಫಾರೆಸ್ಟ್ ಗಾರ್ಡ್ ಅನುಪಮಾ ಬರೆದುಕೊಳ್ಳುತ್ತಾರೆ. ಪಾಲಣ್ಣ ಮೊಣಕಾಲು ನೀವಿಕೊಂಡು ಮುಂದಿನ ಮರಕ್ಕೆ ನಡೆಯುತ್ತಾರೆ. ಇದು ಎರಡನೇ ಸಲದ ಅಳತೆ. ಮೊದಲನೆಯದು ತಪ್ಪಿತ್ತು.

ದೇಶದ ಕಾಡನ್ನು ಲೆಕ್ಕ ಹಾಕುವ ಈ ಕೆಲಸದಲ್ಲಿ ಉಪಗ್ರಹ ಮೇಲಿಂದ ನೋಡುತ್ತದೆ, ಪಾಲಣ್ಣ ಕಾಲಿಂದ ನೋಡುತ್ತಾರೆ. ಹಸಿರು ಎಷ್ಟು ದೂರ ಹಬ್ಬಿದೆ ಎಂದು ಉಪಗ್ರಹದ ಚಿತ್ರ ಹೇಳಬಲ್ಲದು. ಮರ ಎಷ್ಟು ದಪ್ಪ ಎಂದು ತಿಳಿಯಲು ಯಾರಾದರೂ ಮುಳ್ಳು ತುಳಿಯಲೇಬೇಕು. ಗುರುತು ಮಾಡಿದ ಕೆಲವೇ ಪ್ಲಾಟುಗಳಲ್ಲಿ ಅಳೆದ ಅಂಕಿಯನ್ನು ಚಿತ್ರದ ಜೊತೆಗಿಟ್ಟು ಇಡೀ ಗುಡ್ಡಸಾಲಿನ ಲೆಕ್ಕ ತೆಗೆಯುತ್ತಾರೆ. ಇಲ್ಲಿ ಒಂದು ಬೆರಳು ಹೆಚ್ಚಾದರೆ ಅಲ್ಲಿ ಗುಡ್ಡವೇ ಉಬ್ಬುತ್ತದೆ.

ಆದಿವಾಲದ ಪಾಲಣ್ಣನಿಗೆ ಅರವತ್ತೆರಡು. ಇಪ್ಪತ್ತು ವರ್ಷಗಳಿಂದ, ಸರ್ವೆ ಬಂದಾಗಲೆಲ್ಲ ದಿನಗೂಲಿ. ದಿನಕ್ಕೆ ಹದಿನಾಲ್ಕು ಕಿಲೋಮೀಟರು ನಡಿಗೆ, ಎಪ್ಪತ್ತೆಂಬತ್ತು ಮರ. ಸುತ್ತಳತೆಯನ್ನು ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲೇ ತೆಗೆಯಬೇಕು. ಅಷ್ಟು ಎತ್ತರಕ್ಕೆ ತಮ್ಮ ಅಂಗಿಯ ಎರಡನೇ ಗುಂಡಿ ಸರಿಯಾಗಿ ಬರುತ್ತದೆಂದು ಮೊದಲ ವರ್ಷವೇ ನೋಡಿಕೊಂಡಿದ್ದರು. ಅಂದಿನಿಂದ ಗುಂಡಿಯೇ ಗುರುತು.

ಈ ಸಲ ಅನುಪಮಾ ಅವರಿಗೆ ಅನುಮಾನ ಬಂತು. ಐದು ವರ್ಷದ ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಅಂಥ ವ್ಯತ್ಯಾಸವಿಲ್ಲ. ಪುಸ್ತಕದಲ್ಲಿ ಮಾತ್ರ ಮರಗಳು ದಪ್ಪಗಾಗಿವೆ. ಚಿತ್ರವೇ ಸರಿಯಿಲ್ಲ ಎಂದು ಕಚೇರಿಯಲ್ಲಿ ಮಾತಾಯಿತು. ಪಾಲಣ್ಣ ಮನೆಗೆ ಹೋಗಿ, ಗೋಡೆಗೆ ಒರಗಿ ನಿಂತು, ಹೆಂಡತಿ ತಿಪ್ಪಕ್ಕನ ಕೈಗೆ ಟೇಪು ಕೊಟ್ಟರು. ಗುಂಡಿ ನಾಲ್ಕು ಬೆರಳು ಕೆಳಗಿಳಿದಿತ್ತು. ಕೆಳಗಿಳಿದಷ್ಟೂ ಮರ ದಪ್ಪ.

"ಬೆನ್ನು ಬಗ್ಗೈತೆ ಅಂತ ನಾನು ಹೇಳಿದ್ರೆ ಸಿಟ್ಟು. ಟೇಪು ಹೇಳಿದ್ರೆ ಸುಮ್ನೆ ಕುಂತ್ರು ನೋಡ್ರಿ" ಎನ್ನುತ್ತಾರೆ ತಿಪ್ಪಕ್ಕ.

ಈ ತಪ್ಪನ್ನು ಹೇಳಿದರೆ ಹನ್ನೊಂದು ಪ್ಲಾಟು ಮತ್ತೆ ಹತ್ತಬೇಕು. ಮುದುಕನೆಂದು ಕೆಲಸವೂ ಹೋಗಬಹುದು. ಆದರೂ ಮರುದಿನ ಪಾಲಣ್ಣ ಅನುಪಮಾ ಅವರಿಗೆ ಹೇಳಿಯೇಬಿಟ್ಟರು.

"ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಪಾಲಣ್ಣ" ಎಂದರಂತೆ ಅವರು.

"ಮೇಲಿರೋದು ಸುಳ್ಳು ಹೇಳ್ತೈತೆ ಅಂದ್ರಲ್ರಿ ಆಫೀಸ್ನಾಗೆ. ಬಾಯಿಲ್ದಿದ್ದು ಪಾಪ. ಅದರ ಮೇಲ್ಯಾಕೆ ಹಾಕಾಣ?"

ಈಗ ಕೈಯಲ್ಲಿ ನಾಲ್ಕೂವರೆ ಅಡಿಗೆ ಗೆರೆ ಎಳೆದ ಕೋಲಿದೆ. ಒಂಬತ್ತು ಪ್ಲಾಟು ಮುಗಿದಿವೆ, ಎರಡು ಬಾಕಿ. ಮುಂದಿನ ಸರ್ವೆಯ ಬಗ್ಗೆ ಕೇಳಿದರೆ ಪಾಲಣ್ಣ ಇಲ್ಲದ ಕನ್ನಡಕ ಮೂಗಿಗೇರಿಸಿ ಕಚೇರಿಯ ಸಾಹೇಬರ ದನಿ ತೆಗೆಯುತ್ತಾರೆ: "ಏಜ್ ಆಯ್ತಲ್ಲ ಪಾಲಣ್ಣ, ರೆಸ್ಟ್ ತಗೊಳ್ರಿ." ಅನುಪಮಾ ನಗುತ್ತಾರೆ. ಪಾಲಣ್ಣ ನಗುವುದಿಲ್ಲ, ಕಲ್ಲಿನ ಮೇಲೆ ಕುಳಿತು ಕಾಲು ಚಾಚುತ್ತಾರೆ.

"ಕರೀದಿದ್ರೆ ಬ್ಯಾಡ ಬಿಡ್ರಿ. ಯಾರೋ ಬರ್ತಾರೆ, ನನ್ನ ಅಂಕಿ ನೋಡ್ಕಂಡು ಟೇಪು ಸುತ್ತಾರೆ. ಆವಾಗ ಮರ ಅದಕ್ಕಿಂತ ಸಣ್ಣಗೆ ಬರಬಾರ್ದು. ಅಷ್ಟೇ ನಂದು."